ಕೆಲಸದ ಜಾಗಕ್ಕೆ ಎಐ ತರುವಾಗ ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವುದು ಹೇಗೆ?

ಎಐ ಬರೀ ಸಾಫ್ಟ್‌ವೇರ್ ತಾನೆ, ಅದರಿಂದ ಯಾರಿಗೆ ಪೆಟ್ಟಾಗುತ್ತದೆ ಎಂದು ಕೇಳಿದ್ದೀರಿ. ಪೆಟ್ಟು ಬೀಳುವುದು ಹೆಚ್ಚಾಗಿ ಕೆಲಸದ ವೇಗದಿಂದ. ಗೋದಾಮಿನಲ್ಲಿ ಮುಂದಿನ ಪೆಟ್ಟಿಗೆ ಯಾವುದು, ಎಷ್ಟು ಸೆಕೆಂಡಿನಲ್ಲಿ ಎತ್ತಬೇಕು ಎಂಬುದನ್ನು ವ್ಯವಸ್ಥೆಯೇ ಹೇಳತೊಡಗಿದರೆ, ನಡುವೆ ಸುಧಾರಿಸಿಕೊಳ್ಳುವ ಹೊತ್ತೂ ಹೋಗುತ್ತದೆ. ಸೊಂಟ, ಭುಜ, ಮಣಿಕಟ್ಟು ಸೋಲುತ್ತವೆ. ಸದಾ ಯಾರೋ ನೋಡುತ್ತಿದ್ದಾರೆ ಎಂಬ ಒತ್ತಡ ಬೇರೆ.

ಹಾಗಾಗಿ ಅಪಾಯದ ಅಂದಾಜು ಖರೀದಿಗೆ ಮುಂಚೆಯೇ ಆಗಬೇಕು, ಅದೂ ಆ ಕೆಲಸ ಮಾಡುವವರನ್ನೇ ಕೂರಿಸಿಕೊಂಡು. ಮಾರುವವರ ಡೆಮೋ ನೋಡಿ ಮರುಳಾಗಬೇಡಿ. ಸುರಕ್ಷತೆಯ ಹಳೆಯ ಕ್ರಮವೇ ಇಲ್ಲೂ ನಡೆಯುತ್ತದೆ: ಮೊದಲು ಅಪಾಯವನ್ನೇ ತೆಗೆಯಿರಿ, ತರಬೇತಿ, ಎಚ್ಚರಿಕೆ ಫಲಕ ಆಮೇಲೆ. ಅಂದರೆ ವೇಗದ ಮಿತಿ, ವಿರಾಮ ಎರಡನ್ನೂ ವ್ಯವಸ್ಥೆಯೊಳಗೇ ಹಾಕಿಸಿ, ಬೇಡದ ನಿಗಾವನ್ನು ಆಫ್ ಮಾಡಿಸಿ. ಕೆಲಸಗಾರರ ಮುಖ ನೋಡಿ ಭಾವನೆ ಅಳೆಯುವ ಎಐಯನ್ನು ಐರೋಪ್ಯ ಒಕ್ಕೂಟ 2025ರ ಫೆಬ್ರುವರಿಯಿಂದ ನಿಷೇಧಿಸಿದೆ (ವೈದ್ಯಕೀಯ, ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ).

ಇನ್ನೊಂದು ಮಾತು. ಯಂತ್ರದ ಆದೇಶ ತಪ್ಪೆನಿಸಿದರೆ ನಿಲ್ಲಿಸುವ ಅಧಿಕಾರ ಸ್ಥಳದಲ್ಲಿ ದುಡಿಯುವವರಿಗೆ ಇರಬೇಕು. ನಿಲ್ಲಿಸಿದ್ದಕ್ಕೆ ಅವರ ಸಂಬಳಕ್ಕೆ ಕತ್ತರಿ ಬೀಳಬಾರದು. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಅಪಾಯದ ಅಂದಾಜು ಹೊಸದಾಗಿ ಮಾಡಿ.