ನಾಲ್ಕನೇ ಜ್ವರ ಎದ್ದ ವಾರ: ಒಂದು ಆಪ್ತಸಲಹೆ ಪ್ರಕರಣ

ಹುಡುಗನ ಗುರುತು ತಿಳಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಅವನೂ, ತಂದೆತಾಯಿಯೂ, ಅವನ ಶಿಕ್ಷಕರೂ ಒಪ್ಪಿದ ಬಳಿಕವೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಅವನನ್ನು ಮಂಜು ಎನ್ನೋಣ. ವಯಸ್ಸು 13, ಎಂಟನೇ ತರಗತಿ, ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ರೇಷ್ಮೆ ಹಳ್ಳಿಯವನು.

ತಾಯಿ ಅವನನ್ನು ಕರೆತಂದಾಗ ಕೈಯಲ್ಲಿ ಶಾಲೆಯಿಂದ ಬಂದ ಒಂದು ಚೀಟಿಯಿತ್ತು. ಪಾಠದಲ್ಲಿ ಆಸಕ್ತಿಯಿಲ್ಲ, ತರಗತಿಯಲ್ಲಿ ತೂಕಡಿಸುತ್ತಾನೆ, ಗಣಿತ ಮತ್ತು ವಿಜ್ಞಾನದಲ್ಲಿ ತೀರಾ ಹಿಂದೆ ಇದ್ದಾನೆ ಎಂದು ಅದರಲ್ಲಿ ಬರೆದಿತ್ತು. "ನೀವೇ ಒಂದಿಷ್ಟು ಬುದ್ಧಿ ಹೇಳಿ ಮೇಡಂ, ನಮ್ಮ ಮಾತು ಕೇಳಲ್ಲ" ಎಂದರು. ಕಣ್ಣು, ಕಿವಿ, ಓದುವ ವೇಗ, ಮನಸ್ಸಿನ ಸ್ಥಿತಿ ಇವನ್ನೆಲ್ಲ ವಿಚಾರಿಸಿದ್ದಾಯಿತು. ಚಿಂತೆಗೆ ಕಾರಣವಾಗುವಂಥದ್ದು ಕಾಣಲಿಲ್ಲ. ಶಾಲೆಯ ಬಗ್ಗೆ ಕೇಳಿದರೆ ಹುಡುಗ ನೆಲ ನೋಡುತ್ತಿದ್ದ. ಆಗ ನಾನು, ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ ಎಂದಷ್ಟೇ ಕೇಳಿದೆ.

"ಹನ್ನೊಂದಾಯ್ತು ಮೇಡಂ. ಹುಳ ನಾಲ್ಕನೇ ಜ್ವರ ಎದ್ದಿದೆ."

ರೇಷ್ಮೆಹುಳು ಪೊರೆ ಬಿಡುವ ಹಂತಕ್ಕೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಮುನ್ನ ಹುಳು ನಾಲ್ಕು ಬಾರಿ ಜ್ವರಕ್ಕೆ ಕೂರುತ್ತದೆ. ನಾಲ್ಕನೆಯದು ಎದ್ದ ಮೇಲಿನ ಒಂದು ವಾರ ಅದಕ್ಕೆ ಸೊಪ್ಪು ಎಷ್ಟು ಹಾಕಿದರೂ ಸಾಲದು. ಮಂಜು ಮುಖವೆತ್ತಿ ವಿವರಿಸತೊಡಗಿದ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಅಲುಗಾಡದೆ ಇರುತ್ತದೆ, ಆಗ ಸೊಪ್ಪು ನಿಲ್ಲಿಸಿ ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸಬೇಕು, ಮೊದಲು ಎದ್ದ ನಾಲ್ಕು ಹುಳುವನ್ನು ನೋಡಿ ಅವಸರದಲ್ಲಿ ಸೊಪ್ಪು ಹಾಕಿದರೆ ಕೆಲವು ದಪ್ಪ, ಕೆಲವು ಸಣ್ಣವಾಗಿ ಬೆಳೆ ಒಂದೇ ಸಮ ಬರುವುದಿಲ್ಲ ಎಂದೆಲ್ಲ ಹೇಳಿದ. ಕಳೆದ ಬೆಳೆಯಲ್ಲಿ 250 ಮೊಟ್ಟೆಗೆ (ರೈತರ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು) 190 ಕೆಜಿ ಗೂಡು ಬಂತಂತೆ. ನೂರು ಮೊಟ್ಟೆಗೆ ಎಷ್ಟಾಯಿತು ಎಂದು ಕೇಳಿದ್ದಕ್ಕೆ, ಕಣ್ಣು ಮಿಟುಕಿಸುವುದರೊಳಗೆ "ಎಪ್ಪತ್ತಾರು" ಎಂದ. ಹೇಗೆಂದರೆ, "ಐನೂರಕ್ಕೆ ಮುನ್ನೂರ ಎಂಬತ್ತು. ಅದನ್ನ ಐದು ಭಾಗ ಮಾಡಿದ್ರೆ ಆಯ್ತಲ್ಲ." ಅದೇ ಲೆಕ್ಕವನ್ನು ನೇರ ಅನುಪಾತದ ರೂಪದಲ್ಲಿ ಕಾಗದದ ಮೇಲೆ ಬರೆದುಕೊಟ್ಟೆ. ಬಹಳ ಹೊತ್ತು ನೋಡಿ, ಪೆನ್ನನ್ನು ಮೇಜಿನ ಮೇಲಿಟ್ಟುಬಿಟ್ಟ.

ಇದು ಇವನೊಬ್ಬನ ವಿಚಿತ್ರವಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳ ಮೇಲೆ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಿಗೆ ಮಕ್ಕಳು ಶೇಕಡ 98ರಷ್ಟು ಸರಿಯುತ್ತರ ಕೊಟ್ಟಿದ್ದರು. ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ಅದು ಶೇಕಡ 37ಕ್ಕೆ ಇಳಿಯಿತು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳ ಮಕ್ಕಳನ್ನು ಕುರಿತು 2025ರಲ್ಲಿ ಹೊರಬಂದ ದೊಡ್ಡ ಅಧ್ಯಯನವೂ ಇದನ್ನೇ ಕಂಡಿತು, ಜೊತೆಗೆ ಇದರ ಮಗುಚಿದ ಮುಖವನ್ನೂ ಕಂಡಿತು: ಪುಸ್ತಕದ ಲೆಕ್ಕದಲ್ಲಿ ಮುಂದಿರುವ ಶಾಲಾ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಮನೆಯ ತಿಳಿವಳಿಕೆ ತಾನಾಗಿಯೇ ಪುಸ್ತಕಕ್ಕೆ ಹರಿದು ಬರುವುದಿಲ್ಲ, ಪುಸ್ತಕದ್ದು ಮನೆಗೂ ಹೋಗುವುದಿಲ್ಲ. ಯಾರಾದರೂ ಕಾಲುವೆ ತೋಡಬೇಕು.

ತಾಯಿಯ ಮೂಲಕ ಶಿಕ್ಷಕರನ್ನು ಬರಹೇಳಿದೆ. ಗಣಿತದ ಜೊತೆಗೆ ವಿಜ್ಞಾನವನ್ನೂ ನೋಡಿಕೊಳ್ಳುವ, ಮಕ್ಕಳ ಬಗ್ಗೆ ನಿಜವಾದ ಕಾಳಜಿಯುಳ್ಳ ವ್ಯಕ್ತಿ. ಹಾಜರಿ ವಹಿ ತರಲು ಕೇಳಿಕೊಂಡಿದ್ದೆ. ಇಬ್ಬರೂ ಕೂತು ಮಂಜುವಿನ ಸಾಲಿನ ಮೇಲೆ ಬೆರಳಿಟ್ಟು ನೋಡುತ್ತ ಹೋದೆವು. ಗೈರುಹಾಜರಿಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ, ಐದಾರು ದಿನ ಒಟ್ಟಿಗೆ, ಆಮೇಲೆ ವಾರಗಟ್ಟಲೆ ಒಂದೂ ಇಲ್ಲ, ಮತ್ತೆ ಐದಾರು ದಿನ. ಅವು ಆ ಮನೆಯ ಬೆಳೆಯ ಕೊನೆಯ ವಾರಗಳು. ಮೇಷ್ಟ್ರು ಹಾಗೆಯೇ ಕೆಳಗಿನ ಸಾಲುಗಳತ್ತ ಕಣ್ಣಾಡಿಸಿದರು. ಇನ್ನೂ ನಾಲ್ಕು ಮಕ್ಕಳದ್ದು ಅದೇ ಬಗೆಯಲ್ಲಿತ್ತು. "ದಿನವೂ ನಾನೇ ಹಾಕೋ ಹಾಜರಿ ಇದು" ಎಂದು ಮೆಲ್ಲಗೆ ಹೇಳಿದರು.

ಮಂಜುವಿನ ಮನೆಯ ಅನುಭವವನ್ನು ಪಾಠಕ್ಕೆ ಜೋಡಿಸಬಹುದೇ ಎಂದು ನಾನು ಕೇಳಿದೆ. ಹೇಗೆ ಜೋಡಿಸಬೇಕೆಂದು ಹೇಳಲಿಲ್ಲ, ಅದು ನನ್ನ ತಪ್ಪು. ಮರುದಿನ ಅವರು ಉತ್ಸಾಹದಿಂದ, ಇಡೀ ತರಗತಿಯೆದುರು, "ಮಂಜು, ನಿಮ್ಮ ಮನೇಲಿ ಹುಳ ಸಾಕ್ತೀರಲ್ಲ, ಎದ್ದು ಹೇಳು" ಎಂದರು. ಹಿಂದಿನ ಬೆಂಚಿನಿಂದ ಯಾರೋ ಹುಳದ ವಾಸನೆಯ ಮಾತೆತ್ತಿ ನಕ್ಕರು. ಮಂಜು ಎರಡು ದಿನ ಶಾಲೆಗೆ ಹೋಗಲಿಲ್ಲ. ಆ ಬಾರಿ ಮನೆಯಲ್ಲಿ ಹುಳುವೇ ಇರಲಿಲ್ಲ. ಮಗುವಿನ ಬದುಕನ್ನು ತರಗತಿಗೆ ತರುವುದು ಬೇರೆ, ಮಗುವನ್ನೇ ಪ್ರದರ್ಶನಕ್ಕೆ ನಿಲ್ಲಿಸುವುದು ಬೇರೆ. ಮೊದಲೇ ಈ ಎಚ್ಚರಿಕೆ ಕೊಡಬೇಕಿತ್ತು.

ಎರಡನೆಯ ಭೇಟಿಯಲ್ಲಿ ಶಿಕ್ಷಕರಿಗೆ ನಾನು ಕೊಟ್ಟ ಸಲಹೆ ಹೀಗಿತ್ತು. ಯಾರ ಮನೆಯನ್ನೂ ಹೆಸರಿಸದೆ, ಎಲ್ಲರಿಗೂ ಒಂದು ಪ್ರಶ್ನೆ ಕೊಡಿ. ಆ ಪ್ರಶ್ನೆಗೆ ಉತ್ತರಿಸಲು ಮನೆಯ ಅನುಭವವೂ ಬೇಕು, ಪಾಠವೂ ಬೇಕು ಎನ್ನುವಂತಿರಲಿ. ಸೂಕ್ಷ್ಮಜೀವಿಗಳ ಪಾಠವನ್ನೇ ತೆಗೆದುಕೊಂಡೆವು. ಹುಳುಮನೆಗೆ ಹೋಗುವ ಮುನ್ನ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದುವುದೇಕೆ, ಹಾಲುತೊಂಡೆ ರೋಗ ಬಂದ ಹುಳುವನ್ನು ಕಂಡಕಂಡಲ್ಲಿ ಎಸೆಯದೆ ದೂರ ಹೂಳುವುದೇಕೆ ಎಂದು ಕೇಳಿದರೆ, ಸೋಂಕು ಹರಡುವ ಬಗೆಯನ್ನು ಮಕ್ಕಳು ತಾವೇ ಅರ್ಧ ಹೇಳಿಬಿಡುತ್ತಾರೆ. ಹುಳು ಸಾಕದ, ನೂಲು ಬಿಚ್ಚುವ ಮನೆಯ ಮಕ್ಕಳಿಗೂ ಅವಕಾಶ ಇರಲಿ: ಗೂಡನ್ನು ಬಿಸಿನೀರಿಗೆ ಹಾಕಿದಾಗ ಎಳೆ ಸಲೀಸಾಗಿ ಬಿಡುವುದು ಏಕೆ? ಲೂಯಿ ಪಾಶ್ಚರ್ ಎಂದರೆ ಆ ಪಾಠದಲ್ಲಿ ಒಂದು ಹೆಸರು ಮಾತ್ರ. ಆದರೆ 1865ರಲ್ಲಿ ಆತ ದಕ್ಷಿಣ ಫ್ರಾನ್ಸಿನ ಅಲೆಸ್‌ಗೆ ಹೋದದ್ದು ರೇಷ್ಮೆಹುಳುವಿನ ಗಂಟುರೋಗದ ಕಾರಣ ಹುಡುಕಲು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲದ ಚಿಟ್ಟೆಯ ಮೊಟ್ಟೆಗಳನ್ನು ಮಾತ್ರ ಉಳಿಸಿಕೊಳ್ಳುವ ಕ್ರಮ ಆತನದು. ಇಂದಿಗೂ ಮೊಟ್ಟೆ ತಯಾರಿಸುವಲ್ಲಿ ತಾಯಿಚಿಟ್ಟೆಯ ಪರೀಕ್ಷೆ ನಡೆಯುತ್ತದೆ, ಈ ಮಕ್ಕಳ ಅಪ್ಪಂದಿರು ತರುವ ರೋಗಮುಕ್ತ ಮೊಟ್ಟೆಯ ಹಿಂದೆ ಇರುವುದೂ ಅದೇ.

ಪೋರ್ಷನ್ ಮುಗಿಸಬೇಕಲ್ಲ ಎಂಬ ಅವರ ಆತಂಕ ನ್ಯಾಯವಾದದ್ದು. ಆದ್ದರಿಂದ ವಾರಕ್ಕೆ ಒಂದೇ ಪಾಠ ಸಾಕು ಎಂದೆ. ಒಂದು ಕರಾರು ಮಾತ್ರ ಹಾಕಿದೆ: ಮನೆಯ ಲೆಕ್ಕದಿಂದ ಹೊರಟ ಪಾಠ ಅದೇ ಅವಧಿಯಲ್ಲಿ ಪುಸ್ತಕದ ಲೆಕ್ಕಕ್ಕೆ ಬಂದು ಮುಟ್ಟಬೇಕು. ಮಂಜು ಬಾಯಲ್ಲಿ ಹೇಳಿದ "ಐನೂರಕ್ಕೆ ಮುನ್ನೂರ ಎಂಬತ್ತು" ಎಂಬುದನ್ನು ಹಲಗೆಯ ಮೇಲೆ ಅವನ ಮಾತಿನಲ್ಲೇ ಬರೆದು, ಅದರ ಪಕ್ಕದಲ್ಲಿ ಅನುಪಾತದ ಚಿಹ್ನೆಗಳಲ್ಲಿ ಬರೆದು, ಎರಡೂ ಒಂದೇ ಎಂದು ಅವನೇ ಗುರುತಿಸುವವರೆಗೆ ಕಾಯಬೇಕು. ಹಾಗೆ ಮಾಡದೆ ಪುಸ್ತಕದ ಲೆಕ್ಕದಲ್ಲಿ ಸೇಬಿನ ಬದಲು ರೇಷ್ಮೆಗೂಡು ಎಂದು ಸೇರಿಸಿದ ಮಾತ್ರಕ್ಕೆ ಯಾವ ಮಗುವಿಗೂ ಪಾಠ ತನ್ನದೆನಿಸುವುದಿಲ್ಲ. ತಾನು ಯೋಚಿಸುವ ದಾರಿಗೆ ಅಲ್ಲಿ ಬೆಲೆಯಿದೆ ಎಂದು ಕಂಡಾಗ ಅನಿಸುತ್ತದೆ.

ಇದನ್ನು ಕೇಳಿದ ತಾಯಿ ಸುಮ್ಮನಿರಲಿಲ್ಲ. "ನನ್ನ ಮಗ ನಮ್ಮ ಹಾಗೆ ರಾತ್ರಿಯೆಲ್ಲ ಸೊಪ್ಪು ಹಾಕಿಕೊಂಡು ಕೂರೋದು ಬೇಡ ಅಂತ ಸ್ಕೂಲಿಗೆ ಕಳಿಸ್ತೀನಿ ಮೇಡಂ. ಅಲ್ಲೂ ಹುಳದ ಪಾಠವೇ ಅಂದ್ರೆ ಹೆಂಗೆ?" ಈ ಪ್ರಕರಣದಲ್ಲಿ ನಾನು ಕೇಳಿದ ಅತ್ಯಂತ ಗಂಭೀರ ಮಾತು ಇದು. ಹುಳುವಿನಿಂದ ಶುರುವಾಗುವ ಪಾಠ ಹುಳುವಿನಲ್ಲೇ ನಿಂತರೆ ನಿಮ್ಮ ಮಾತೇ ಸರಿ, ಅಲ್ಲಿಂದ ಅನುಪಾತಕ್ಕೆ, ರೋಗಾಣುವಿಗೆ, ಸೂಕ್ಷ್ಮದರ್ಶಕಕ್ಕೆ ಹೋಗಬೇಕೆಂದೇ ಕರಾರು ಹಾಕಿದ್ದೇನೆ ಎಂದು ಹೇಳಿದೆ. ಬಳಿಕ ನನ್ನ ಮಾತನ್ನೂ ಮುಂದಿಟ್ಟೆ: ಹಾಗಿದ್ದರೆ ಕೊನೆಯ ವಾರ ಅವನು ಒಂಬತ್ತಕ್ಕೆ ಮಲಗಬೇಕು, ಶಾಲೆ ತಪ್ಪಿಸಬಾರದು, ಪಾಠ ಎಷ್ಟೇ ಚೆನ್ನಾಗಿದ್ದರೂ ನಿದ್ದೆಗೆಟ್ಟ ಮಗುವಿನ ತಲೆಗೆ ಹತ್ತುವುದಿಲ್ಲ. ಅದುವರೆಗೂ ಮಾತಾಡದೆ ಕೂತಿದ್ದ ತಂದೆ, ರಾತ್ರಿಯ ಸೊಪ್ಪು ತನಗಿರಲಿ, ಬೆಳಗಿನ ಸೊಪ್ಪು ಕೊಯ್ಯಲು ತಮ್ಮನನ್ನು ಕರೆಯುತ್ತೇನೆ ಎಂದರು.

ಮುಂದಿನ ಬೆಳೆಯಲ್ಲಿ ಮಂಜು ಶಾಲೆ ತಪ್ಪಿಸಿದ್ದು ಎರಡೇ ದಿನ. ಗಣಿತದ ಅಂಕ ದಿಢೀರನೆ ಏರಲಿಲ್ಲ, ಆದರೆ ಉತ್ತರಪತ್ರಿಕೆಯಲ್ಲಿ ಖಾಲಿ ಬಿಟ್ಟ ಜಾಗ ಕಡಿಮೆಯಾಗಿತ್ತು. ಒಂದು ದಿನ ಅವನೇ ಕೈಯೆತ್ತಿ, "ಜ್ವರ ಅಂತೀವಲ್ಲ ಸಾರ್, ಹುಳಕ್ಕೆ ನಿಜವಾಗ್ಲೂ ಮೈ ಬಿಸಿಯಾಗುತ್ತಾ?" ಎಂದು ಕೇಳಿದನಂತೆ. ಗೊತ್ತಿಲ್ಲ, ನೋಡೋಣ ಎಂದು ಮೇಷ್ಟ್ರು ಪ್ರಯೋಗಾಲಯದ ಉಷ್ಣತಾಮಾಪಕವನ್ನು ಅವನ ಕೈಗೆ ಕೊಟ್ಟು ಕಳಿಸಿದ್ದರು. ಕೊನೆಯ ಭೇಟಿಗೆ ಬಂದಾಗ ಅವನು ನೋಟ್‌ಬುಕ್ ತೆರೆದು ತೋರಿಸಿದ. ಸ್ಕೇಲಿಟ್ಟು ಎಳೆದ ಮೂರು ಅಂಕಣ: ಹೊತ್ತು, ಹುಳುಮನೆಯ ಬಿಸಿ, ಹುಳುವಿನ ಹಾಸಿಗೆಯ ಬಿಸಿ. ಮೂರನೆಯದು ಅರ್ಧ ಮಾತ್ರ ತುಂಬಿತ್ತು. ಅಷ್ಟರಲ್ಲಿ ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ತಟ್ಟೆಗೆ ಬಿಟ್ಟರಂತೆ, ಉಳಿದದ್ದನ್ನು ಮುಂದಿನ ಬೆಳೆಯಲ್ಲಿ ಬರೆಯುತ್ತೇನೆ ಎಂದ.