ಮಳೆಗೂ ಉಪ್ಪುನೀರಿಗೂ ತಡೆಯುವ ವಾಚ್

ಮಲ್ಪೆಗೆ ದಿನಾ ಬೈಕಲ್ಲಿ ಹೋಗ್ಲಿಕ್ಕೆ, ಮಳೆಗೂ ಬಾಳುವ ವಾಚ್ ಯಾವ್ದು ಅಂತ ಕೇಳಿದ್ರಲ್ಲ, ಮೊದ್ಲು ಹಿಂದಿನ ಮುಚ್ಚಳ ನೋಡಿ ಮಾರಾಯ್ರೆ. ನೀರು ತಡೆಯುವ ಲೆಕ್ಕ 30 ಮೀಟರ್ ಅಂತ ಬರ್ದಿದ್ರೆ ಕೈ ತೊಳಿವಾಗ ಹಾರುವ ನೀರಿಗೆ ಮಾತ್ರ ಆಗ್ತದೆ, ಈಜ್ಲಿಕ್ಕೆ ಆಗುದಿಲ್ಲ, ನಮ್ಮ ಆಟಿ ಮಳೆಗೆ 100 ಮೀಟರಿನದ್ದೇ ತಗೊಳ್ಳಿ. ಲೆದರ್ ಬೆಲ್ಟ್ ಬೇಡವೇ ಬೇಡ, ನನ್ನದು ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿದು ವಾಸನೆ ಬಂತು, ಅಪ್ಪ ಕೊಡ್ಸಿದ್ದು, ತುಂಬಾ ಬೇಜಾರಾಯ್ತು. ಕ್ಯಾಸಿಯೋ ಎಫ್-91ಡಬ್ಲ್ಯು 1989ರಿಂದ ಬರ್ತಾ ಉಂಟು, ಬ್ಯಾಟರಿ ಸುಮಾರು 7 ವರ್ಷ, ಆದ್ರೆ ಅದನ್ನು ನೀರಿಗೆ ನಂಬ್ಲಿಕ್ಕಾಗುದಿಲ್ಲ. ಬಜೆಟ್ ಉಂಟಾದ್ರೆ ಕ್ಯಾಸಿಯೋದ್ದೇ ಗಟ್ಟಿ ವಾಚ್ ಜಿ-ಶಾಕ್ ತಗೊಳ್ಳಿ, 200 ಮೀಟರ್, ಬಿದ್ರೂ ಸುಲಭಕ್ಕೆ ಎಂತ ಆಗುದಿಲ್ಲ. ಬ್ಯಾಟರಿ ಹಾಕ್ಸುವಾಗ ಒಳಗಿನ ರಬ್ಬರ್ ರಿಂಗೂ ನೋಡ್ಲಿಕ್ಕೆ ಹೇಳಿ, ಉಪ್ಪುನೀರು ತಾಗಿದ್ರೆ ಮನೆಗೆ ಬಂದ ಕೂಡ್ಲೇ ಬಾವಿನೀರಲ್ಲಿ ತೊಳ್ದುಬಿಡಿ.