ಗಮಕಕ್ಕಾಗಿ ಫ್ರೆಟ್‌ಬೋರ್ಡ್ ಕೆತ್ತಿಸಲೇ?

ಪ್ರಶ್ನೆ: ನಾನು ಗೋಣಿಕೊಪ್ಪದವನು. ಕೆಲವು ವರ್ಷಗಳಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ. ಈಗ ಅದರಲ್ಲೇ ಕರ್ನಾಟಕ ಸಂಗೀತ ಕಲಿಯುವ ಆಸೆ. ಮದುವೆ ಮನೆಗಳಲ್ಲಿ ಹಾಡುಗಾರರಿಗೆ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಕೂಡ ಹಿಡಿಯುತ್ತೇನೆ. ಫ್ರೆಟ್‌ಗಳ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳ) ನಡುವಿನ ಮರ ಕೆತ್ತಿ ಸ್ಕ್ಯಾಲಪ್ ಮಾಡಿಸಿದರೆ ಗಮಕ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವುದು, ಸಲೀಸು ಅಂತಾರೆ. ಪರಿಚಯದ ಬಡಗಿಯೊಬ್ಬರು ಮಾಡಿಕೊಡಲು ಸಿದ್ಧ. ಇರೋದು ಒಂದೇ ಗಿಟಾರ್. ಮಾಡಿಸಲೇ ಸರ್?

ಉತ್ತರ: ಆ ಗಿಟಾರ್‌ಗೆ ಬೇಡ. ತೆಗೆದ ಮರ ಮತ್ತೆ ಬರುವುದಿಲ್ಲ.

ಆದರೆ ನಿಮ್ಮ ಯೋಚನೆ ಸರಿಯಾಗಿಯೇ ಇದೆ. ವೀಣೆ ನೋಡಿ. ಮೇಣದ ಮೇಲೆ ಕೂರಿಸಿದ ಮೆಟ್ಟಿಲುಗಳು (ವೀಣೆಯ ಫ್ರೆಟ್‌ಗಳು) ಎತ್ತರವಾಗಿರುತ್ತವೆ, ಬೆರಳಿಗೆ ಮರ ತಾಗುವುದೇ ಇಲ್ಲ. ತಂತಿಯನ್ನು ಪಕ್ಕಕ್ಕೆ ಎಳೆದರೆ ಮುಂದಿನ ಸ್ವರಗಳು ಅಲ್ಲೇ ಸಿಗುತ್ತವೆ. ಸ್ಕ್ಯಾಲಪ್‌ನಲ್ಲೂ ಹೀಗೆಯೇ. ಬೆರಳ ತುದಿ ತಂತಿಯನ್ನು ಪೂರ್ತಿ ಹಿಡಿಯುತ್ತದೆ, ಮರಕ್ಕೆ ಉಜ್ಜುವುದಿಲ್ಲ. 1970ರ ದಶಕದ 'ಶಕ್ತಿ' ಎಂಬ ಭಾರತೀಯ-ಪಾಶ್ಚಾತ್ಯ ಫ್ಯೂಷನ್ ತಂಡದಲ್ಲಿ ಜಾನ್ ಮೆಕ್‌ಲಾಫ್ಲಿನ್ ಇಂಥದ್ದೇ ಗಿಟಾರ್ ನುಡಿಸಿದರು. ರಾಕ್‌ನಲ್ಲಿ ರಿಚಿ ಬ್ಲ್ಯಾಕ್‌ಮೋರ್, ಇಂಗ್ವೆ ಮಾಲ್ಮ್‌ಸ್ಟೀನ್ ಇದಕ್ಕೆ ಹೆಸರಾದವರು.

ತೊಂದರೆ ಇರೋದು ನಿಮ್ಮ ಕಾರ್ಡ್‌ಗಳಲ್ಲಿ. ಸಾಮಾನ್ಯ ಗಿಟಾರ್‌ನಲ್ಲಿ ಜಾಸ್ತಿ ಒತ್ತಿದರೂ ಮರ ಬೆರಳನ್ನು ತಡೆಯುತ್ತದೆ. ಸ್ಕ್ಯಾಲಪ್‌ನಲ್ಲಿ ತಡೆಯುವವರಿಲ್ಲ, ತಂತಿ ಕೆಳಕ್ಕೆ ಹೋಗುತ್ತದೆ, ಶ್ರುತಿ ಏರುತ್ತದೆ. ಜಿ ಮೇಜರ್ ಹಿಡಿಯುವಾಗ ಆರನೇ ತಂತಿಗೆ ಚಾಚಿದ ಬೆರಳು ಗಮನಿಸಿ. ಚಾಚುವ ಭರದಲ್ಲಿ ಅದು ಉಳಿದ ಬೆರಳಿಗಿಂತ ಬಲವಾಗಿ ಒತ್ತುತ್ತದೆ, ಅಲ್ವಾ? ಆ ಒಂದು ತಂತಿ ಮಾತ್ರ ಏರಿ ಇಡೀ ಕಾರ್ಡ್ ಅಪಶ್ರುತಿಯಾಗುತ್ತದೆ. ಹಾಡುಗಾರರಿಗೆ ಅದು ತಕ್ಷಣ ಕಿವಿಗೆ ಬೀಳುತ್ತದೆ.

ಅದಕ್ಕೇ ಮೊದಲು ಕೈ ಪರೀಕ್ಷಿಸಿಕೊಳ್ಳಿ. ಸ್ವರ ಗರಗರ ಎನ್ನುವಷ್ಟು ಹಗುರವಾಗಿ ತಂತಿ ಮುಟ್ಟಿ, ನಿಧಾನವಾಗಿ ಒತ್ತುತ್ತಾ ಹೋಗಿ. ಸ್ವರ ಸ್ಪಷ್ಟವಾದ ಕೂಡಲೇ ನಿಲ್ಲಿಸಿ. ಅಷ್ಟೇ ಒತ್ತಡದಲ್ಲಿ ಒಂದು ಪೂರ್ತಿ ಹಾಡು ನುಡಿಸಲು ಆಗುತ್ತದೆಯೇ? ಆಗದಿದ್ದರೆ ಸ್ಕ್ಯಾಲಪ್ ನಿಮ್ಮನ್ನು ಕಾಡುತ್ತದೆ. ತಂತಿ 9ರ ಸೆಟ್ (ತೆಳು ತಂತಿಗಳ ಅಳತೆ) ಆಗಿದ್ದರೆ ಸ್ವಲ್ಪ ದಪ್ಪದ 10ಕ್ಕೆ ಬದಲಿಸಿ ನೋಡಿ, ಸ್ವಲ್ಪ ಬಿಗಿಯಾಗಿರುತ್ತದೆ, ಅಷ್ಟು ಬೇಗ ಶ್ರುತಿ ಏರುವುದಿಲ್ಲ.

ಕೈ ಹಗುರವಾದ ಮೇಲೂ ಆಸೆ ಉಳಿದರೆ, ಗಿಟಾರ್‌ನ ಹಿಂಬದಿ ನೋಡಿ. ನೆಕ್ (ಗಿಟಾರ್‌ನ ಕತ್ತು) ಸ್ಕ್ರೂಗಳಲ್ಲಿ ಕೂತಿದ್ದರೆ ಅಳತೆಗೆ ಹೊಂದುವ ಇನ್ನೊಂದು ನೆಕ್ ತರಿಸಿ, ಅದನ್ನೇ ಕೆತ್ತಿಸಿ. ಅದರಲ್ಲೂ 12ನೇ ಫ್ರೆಟ್‌ನಿಂದ ಮೇಲೆ ಮಾತ್ರ ಸಾಕು ಎನ್ನುವುದು ನನ್ನ ಅಭಿಪ್ರಾಯ. ಕೆಳಗೆ ಕಾರ್ಡ್, ಮೇಲೆ ಗಮಕ. ರಾಕ್ ಗಿಟಾರ್ ವಾದಕ ಸ್ಟೀವ್ ವಾಯ್ ಅವರ ಜೆಮ್ ಗಿಟಾರ್‌ನಲ್ಲಿ ಕೊನೆಯ ನಾಲ್ಕು ಫ್ರೆಟ್‌ಗಳಿಗಷ್ಟೇ ಸ್ಕ್ಯಾಲಪ್ ಇದೆ. ಕೆತ್ತುವ ಬದಲು ಎತ್ತರದ ಜಂಬೋ ಫ್ರೆಟ್ ಹಾಕಿಸಿದರೂ ಇದೇ ಸುಖದ ಒಂದು ಪಾಲು ಸಿಗುತ್ತದೆ.

ನಿಮ್ಮ ಬಡಗಿಯ ಕೈಚಳಕದ ಬಗ್ಗೆ ಅನುಮಾನವಿಲ್ಲ. ಆದರೂ ಇದನ್ನು ಗಿಟಾರ್ ರಿಪೇರಿ ಮಾಡುವವರಿಗೇ ಕೊಡಿ. ಫ್ರೆಟ್ ಅಂಚಿಗೆ ಅರ ತಾಗಬಾರದು. ಆಳ ಜಾಸ್ತಿಯಾದರೆ ಫ್ರೆಟ್‌ನ ಹಿಡಿತ ಸಡಿಲವಾಗುತ್ತದೆ, ಒಳಗೆ ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ ಲೋಹದ ಸರಳು) ಬೇರೆ ಇದೆ. ಮೇಪಲ್ ಬೋರ್ಡ್ ಆದರೆ ಕೆತ್ತಿದ ಮೇಲೆ ಮತ್ತೆ ಲ್ಯಾಕರ್ ಹೊಡೆಸಲೇಬೇಕು. ಕೊಡಗಿನ ಮಳೆಗಾಲದ ತೇವಕ್ಕೆ ಬರಿಮರ ಬಿಡುವಂತಿಲ್ಲ. ಕೆಲಸವನ್ನು ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಇಟ್ಟುಕೊಳ್ಳಿ, ಮಳೆ ಶುರುವಾದಾಗ ನೆಕ್‌ನ ಬಾಗು ಒಮ್ಮೆ ನೋಡಿಸಿ.